ತೇಗದ ಬಣ್ಣ ಹಳದಿಯಲ್ಲ

ಯುದ್ಧನೌಕೆಗಳ ಪುಟ್ಟ ಮಾದರಿಗಳನ್ನು ಮಾಡುವವರ ಮೇಜಿನ ಮೇಲೆ ‘ವುಡನ್ ಡೆಕ್ ಟ್ಯಾನ್’ ಎಂಬ ಬಣ್ಣದ ಬಾಟಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಒಡಲಿಗೆ ಬೂದು, ನೀರಿನೊಳಗಿನ ಭಾಗಕ್ಕೆ ಮಂಕು ಕೆಂಪು, ಡೆಕ್ಕಿಗೆ ಈ ಬಾಟಲಿಯ ಬಣ್ಣ. ಒಣಗಿದ ಮೇಲೆ ನೋಡಿದರೆ ಹಡಗು ಚೆನ್ನಾಗಿಯೇ ಕಾಣುತ್ತದೆ. ಆದರೆ ಮರದ ಡೆಕ್ಕು ನಿಜವಾಗಿ ಯಾವ ಬಣ್ಣದ್ದು ಎಂದು ಕೇಳಿದರೆ ಉತ್ತರ ಬಾಟಲಿಯಲ್ಲಿ ಸಿಗುವುದಿಲ್ಲ. ಅದನ್ನು ಹುಡುಕಿಕೊಂಡು ಹೊರಟರೆ ಮುಂಬಯಿಯ ಹಡಗುಕಟ್ಟೆಯನ್ನು ಹಾದು ಪಶ್ಚಿಮ ಘಟ್ಟದ ಕಾಡಿನವರೆಗೂ ಹೋಗಬೇಕಾಗುತ್ತದೆ.

ಮೊದಲು ಮರದ ವಿಷಯ. ಹೊಸದಾಗಿ ಕೊಯ್ದ ತೇಗದ ಹಲಗೆ ಜೇನುಬಣ್ಣದ್ದು. ನಮ್ಮ ಹಳೆಯ ಮನೆಗಳ ಬಾಗಿಲುಗಳಲ್ಲಿ ಕಾಣುವುದು ಎಣ್ಣೆ, ವಾರ್ನಿಷ್ ಕುಡಿದ ಆ ಬಣ್ಣ. ಅದೇ ಹಲಗೆ ಬಿಸಿಲು, ಉಪ್ಪುಗಾಳಿಗೆ ಸಿಕ್ಕಿತೆಂದರೆ ಕೆಲವೇ ತಿಂಗಳಲ್ಲಿ ಮೇಲ್ಮೈ ಬೂದುಬಣ್ಣಕ್ಕೆ ತಿರುಗುತ್ತದೆ. ಮಳೆ ಬಿದ್ದಾಗ ಕಪ್ಪುಗಂದು, ಒಣಗಿದಾಗ ಬೆಳ್ಳಿಬೂದು. ಇದರ ಜೊತೆಗೆ ನಾವಿಕರ ದಿನಚರಿಯೂ ಸೇರುತ್ತದೆ. ನೌಕಾಪಡೆಗಳಲ್ಲಿ ಮಂಡಿಯೂರಿ, ಮರಳು ಹಾಕಿ, ಮೃದುವಾದ ಕಲ್ಲಿನಿಂದ ಡೆಕ್ಕನ್ನು ಉಜ್ಜುವುದು ನಿತ್ಯದ ಕೆಲಸವಾಗಿತ್ತು. ಉಜ್ಜಿ ಉಜ್ಜಿ ಹಲಗೆ ಎಲುಬಿನಷ್ಟು ಬಿಳಿಚಿಕೊಳ್ಳುತ್ತಿತ್ತು. ಹಲಗೆಗಳು ಬೇಗ ಸವೆಯುತ್ತವೆ ಎಂಬ ಕಾರಣಕ್ಕೆ 1931ರಲ್ಲಿ ಅಮೆರಿಕದ ನೌಕಾಪಡೆ ಈ ಉಜ್ಜಾಟಕ್ಕೆ ಮಿತಿ ಹಾಕಿತು. ಹೀಗೆ ಒಂದೇ ಡೆಕ್ಕಿಗೆ ಬೆಳಿಗ್ಗೆ ಒಂದು ಬಣ್ಣ, ಮಳೆಯಲ್ಲಿ ಇನ್ನೊಂದು, ಬಂದರಿನಲ್ಲಿ ಒಂದು, ಯುದ್ಧದ ನಡುವೆ ಮತ್ತೊಂದು.

ಎಲ್ಲ ಡೆಕ್ಕುಗಳೂ ತೇಗದವಲ್ಲ. 1941ರಲ್ಲಿ ಮುಳುಗಿದ ಬ್ರಿಟನ್ನಿನ ‘ಹುಡ್’ ಹಡಗಿನದು ತೇಗ. ಜಪಾನಿನ ‘ಯಮಾಟೊ’ದ್ದು ಹಿನೋಕಿ ಎಂಬ ಸೈಪ್ರೆಸ್ ಜಾತಿಯ ಮರ. ಎರಡಕ್ಕೂ ಒಂದೇ ಬಾಟಲಿಯ ಬಣ್ಣ ಬಳಿದರೆ ಎರಡು ಬೇರೆ ಕಾಡುಗಳನ್ನು ಒಂದು ಮಾಡಿದ ಹಾಗೆ.

ಅಳತೆಯ ಲೆಕ್ಕವೂ ಇದೆ. 15 ಸೆಂಟಿಮೀಟರ್ ಅಗಲದ ಹಲಗೆ 350ರಲ್ಲಿ ಒಂದು ಪಾಲಿನ ಮಾದರಿಯಲ್ಲಿ ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ. ಹಲಗೆಗಳ ನಡುವೆ ನಾರು ತುರುಕಿ ರಾಳ ಸುರಿದ ಸಂದಿ ಅಸಲಿ ಹಡಗಿನಲ್ಲಿ 6 ಮಿಲಿಮೀಟರ್ ಇದ್ದರೆ ಮಾದರಿಯಲ್ಲಿ ಅದು ಕಣ್ಣಿಗೇ ಬೀಳದು. ಆದ್ದರಿಂದ ಕಪ್ಪು ಗೆರೆಗಳನ್ನು ಎದ್ದು ಕಾಣುವಂತೆ ಎಳೆದ ಡೆಕ್ಕು ಚಂದ ಕಂಡರೂ ಸುಳ್ಳು ಹೇಳುತ್ತದೆ. ನುರಿತವರು ತಿಳಿಬೂದು ಕಂದನ್ನು ತಳಕ್ಕೆ ಹಚ್ಚಿ, ಅಲ್ಲೊಂದು ಇಲ್ಲೊಂದು ಹಲಗೆಯ ಛಾಯೆಯನ್ನು ಕೂದಲೆಳೆಯಷ್ಟು ಬದಲಿಸಿ, ತೆಳುವಾಗಿ ಕಲಸಿದ ಕಂದು ಬಣ್ಣವನ್ನು ಮೇಲೆ ಹರಿಸಿ ಒರೆಸುತ್ತಾರೆ. ಕೊನೆಗೆ ಹೊಳಪಿಲ್ಲದ ವಾರ್ನಿಷ್. ದೂರದ ವಸ್ತು ಗಾಳಿಯ ಮಬ್ಬಿನಲ್ಲಿ ತಿಳಿಯಾಗಿ ಕಾಣುವುದರಿಂದ ಎಲ್ಲ ಬಣ್ಣಗಳನ್ನೂ ಅಸಲಿಗಿಂತ ತುಸು ತಿಳಿಯಾಗಿ ಕಲಸುತ್ತಾರೆ.

ಇನ್ನು ಒಡಲಿನ ಬಣ್ಣ. ಇದಕ್ಕೆ ಮುಂಬಯಿಯಲ್ಲೇ ಹುಟ್ಟಿದ ‘ಟ್ರಿಂಕೋಮಲಿ’ಗಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ. ಯುರೋಪಿನ ಯುದ್ಧಗಳಲ್ಲಿ ಓಕ್ ಮರದ ಅಭಾವ ಕಂಡ ಬ್ರಿಟನ್ ತೇಗದ ಹಡಗುಗಳಿಗಾಗಿ ಮುಂಬಯಿಯ ವಾಡಿಯಾ ಕುಟುಂಬದ ಕಡೆ ತಿರುಗಿತು. ತೇಗದಲ್ಲಿ ಎಣ್ಣೆಯಂಶ ಹೆಚ್ಚು, ಹುಳು ಬೀಳುವುದು ಕಡಿಮೆ. ಓಕ್‌ನಂತೆ ಅದು ಕಬ್ಬಿಣದ ಮೊಳೆಯನ್ನು ಬೇಗ ತಿಂದುಹಾಕುವುದಿಲ್ಲ. ಜಮಶೇಟಜಿ ಬೊಮನಜಿ ವಾಡಿಯಾ ಕಟ್ಟಿದ ‘ಕಾರ್ನ್‌ವಾಲಿಸ್’ 1813ರಲ್ಲಿ ನೀರಿಗಿಳಿಯಿತು. ಹಾಂಗ್‌ಕಾಂಗ್ ದ್ವೀಪವನ್ನು ಬ್ರಿಟಿಷರ ಕೈಗೊಪ್ಪಿಸಿದ 1842ರ ನಾನ್‌ಜಿಂಗ್ ಒಪ್ಪಂದಕ್ಕೆ ಸಹಿ ಬಿದ್ದದ್ದು ಆ ಹಡಗಿನ ಮೇಲೆ. ‘ಟ್ರಿಂಕೋಮಲಿ’ಯ ನಕ್ಷೆ ಹೊತ್ತು ಬರುತ್ತಿದ್ದ ‘ಜಾವಾ’ ಹಡಗು 1812ರ ಡಿಸೆಂಬರಿನಲ್ಲಿ ಅಮೆರಿಕನ್ನರ ಕೈಗೆ ಸಿಕ್ಕಿ ನಾಶವಾಯಿತು. ಮತ್ತೆ ನಕ್ಷೆ ಕಳಿಸಬೇಕಾಯಿತು. ಕೊನೆಗೆ 1817ರ ಅಕ್ಟೋಬರ್ 12ರಂದು ಅದು ನೀರಿಗಿಳಿಯಿತು. ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿದೆ.

ಈ ಹಡಗಿನ ಮಾದರಿ ಮಾಡುವವನು ಮೊದಲು ಯಾವ ವರ್ಷದ ಹಡಗು ಎಂದು ನಿರ್ಧರಿಸಬೇಕು. 1840ರ ದಶಕದಲ್ಲಿ ಇದರ ಫಿರಂಗಿಗಳನ್ನು ಕಡಿಮೆ ಮಾಡಿ, ಹಿಂಭಾಗದ ಆಕಾರವನ್ನೇ ಬದಲಿಸಿದರು. ಮುಂದೆ ಇದು ‘ಫೂಡ್ರೊಯಾಂಟ್’ ಎಂಬ ಹೆಸರಿನಲ್ಲಿ ತರಬೇತಿ ಹಡಗಾಯಿತು. ಟ್ರಫಾಲ್ಗರ್ ಕಾಲದ ಕಪ್ಪು–ಹಳದಿ ಪಟ್ಟಿಯ ಜಾಗದಲ್ಲಿ ಮುಂದಿನ ಕಾಲದ ಬ್ರಿಟಿಷ್ ಹಡಗುಗಳ ಮೇಲೆ ಕಪ್ಪು–ಬಿಳಿ ಪಟ್ಟಿ ಬಂದಿತ್ತು. ಆ ಹಳದಿ ಕೂಡ ನಾವು ತಿಳಿದದ್ದಲ್ಲ. ನೆಲ್ಸನ್‌ನ ‘ವಿಕ್ಟರಿ’ಗೆ ದಶಕಗಳ ಕಾಲ ಗಾಢ ಹಳದಿ ಬಳಿಯುತ್ತಿದ್ದರು. ಹಳೆಯ ಬಣ್ಣದ ಪದರಗಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದ ಮೇಲೆ 2015ರಲ್ಲಿ ನಸುಗೆಂಪು ಬೆರೆತ ಮಂಕು ಹಳದಿಗೆ ಬದಲಿಸಿದರು. ಅಲ್ಲಿಯವರೆಗೆ ಚಿತ್ರ, ಮಾದರಿ, ಅಂಚೆಕಾರ್ಡುಗಳಲ್ಲಿ ಎಷ್ಟೋ ಜನ ನಂಬಿದ್ದ ಬಣ್ಣ ಪದರದ ಸಾಕ್ಷಿಯ ಮುಂದೆ ನಿಲ್ಲಲಿಲ್ಲ.

ಈಗ ಕಾಡಿಗೆ ಬರೋಣ. ಮುಂಬಯಿಯ ಹಡಗುಕಟ್ಟೆಗೆ ಬರುತ್ತಿದ್ದ ಮರ ಮಲಬಾರಿನದು, ನಮ್ಮ ಕೆನರಾದ್ದು ಕೂಡ. ದಾಂಡೇಲಿ ಕಡೆಯ ಸಾಗುವಾನಿಯನ್ನು ಕಾಳಿ ನದಿಯಲ್ಲಿ ತೇಲಿಸಿ ಸದಾಶಿವಗಡದ ಬಳಿ ಸಮುದ್ರ ಮುಟ್ಟಿಸುತ್ತಿದ್ದರು. ನೌಕಾಪಡೆಯ ಹಸಿವಿಗಾಗಿ 1806ರಲ್ಲಿ ಕಂಪನಿ ಸರ್ಕಾರ ಕ್ಯಾಪ್ಟನ್ ವಾಟ್ಸನ್ ಎಂಬಾತನನ್ನು ಕಾಡುಗಳ ಮೇಲ್ವಿಚಾರಕನಾಗಿ ನೇಮಿಸಿ ತೇಗವನ್ನು ತನ್ನ ಸ್ವತ್ತಾಗಿಸಿಕೊಂಡಿತು. ಕಾಡಿನ ಒಡೆಯರು, ಮರದ ವ್ಯಾಪಾರಿಗಳು, ರೈತರು ಸಿಟ್ಟಾದರು. 1823ರಲ್ಲಿ ಆ ಹುದ್ದೆಯೇ ರದ್ದಾಯಿತು. ರದ್ದುಮಾಡಿಸಿದವನು ಮದರಾಸಿನ ಗವರ್ನರ್ ಥಾಮಸ್ ಮನ್ರೊ. ಟಿಪ್ಪುವಿನ ಪತನದ ನಂತರ ಕೆನರಾದ ಮೊದಲ ಕಲೆಕ್ಟರ್ ಆಗಿದ್ದವನೂ ಅವನೇ. ದಶಕಗಳ ನಂತರ ಅರಣ್ಯ ಇಲಾಖೆಯ ಹೆಸರಿನಲ್ಲಿ ಸರ್ಕಾರ ಮತ್ತೆ ಕಾಡಿಗೆ ಬಂತು, ಈ ಸಲ ತಳವೂರಲು. ನಮ್ಮ ಹಳ್ಳಿಗಳಲ್ಲಿ ತೇಗದ ಮರ ಕಡಿಯಲು ಇಂದಿಗೂ ಕೇಳಬೇಕಾದ ಅಪ್ಪಣೆಯ ಬೇರು ಆ ಹಡಗುಗಳ ಕಾಲದಲ್ಲಿದೆ.

ಆದ್ದರಿಂದ ಡೆಕ್ಕಿನ ಬಣ್ಣದ ಬಗ್ಗೆ ತಲೆಕೆಡಿಸಿಕೊಳ್ಳುವುದು ಬರೀ ಹವ್ಯಾಸಿಗಳ ಹಟವಲ್ಲ. ಹೊಳೆಯುವ ಹಳದಿ ಡೆಕ್ಕು ನಮಗೆ ತೋರಿಸುವುದು ಅಂಗಡಿಯಿಂದ ಈಗಷ್ಟೇ ಬಂದ ಹಡಗನ್ನು. ಅದರಲ್ಲಿ ಮಂಡಿಯೂರಿ ಉಜ್ಜಿದವರಿಲ್ಲ, ಕಾಳಿ ನದಿಯಲ್ಲಿ ದಿಮ್ಮಿ ನೂಕಿದವರಿಲ್ಲ. ಬೂದುಬಣ್ಣದ ಡೆಕ್ಕಿನಲ್ಲಿ ಅವರೆಲ್ಲರ ಗುರುತು ಇದೆ. ಬಾಟಲಿಯ ಬಣ್ಣಕ್ಕೆ ಎರಡು ಹನಿ ಬೂದು ಬೆರೆಸುವ ಮೊದಲು, ಈ ಹಡಗು ಯಾವ ವರ್ಷದ್ದು, ಈ ಮರ ಯಾವ ಕಾಡಿನದು ಎಂದು ಒಮ್ಮೆ ಕೇಳಿಕೊಂಡರೆ ಕುಂಚ ತಾನಾಗಿ ಸರಿಯಾದ ಕಡೆ ಹೋಗುತ್ತದೆ.