ವೆಸ್ಟೆರಾಸ್‌ನಲ್ಲಿ ಮಾತಿನ ಸರದಿ

1527ರ ಜೂನ್ ತಿಂಗಳು. ಸ್ವೀಡನ್ನಿನ ಮೇಲಾರೆನ್ ಸರೋವರದ ದಂಡೆಯ ವೆಸ್ಟೆರಾಸ್ ಪಟ್ಟಣಕ್ಕೆ ಬಿಷಪ್ಪರು, ಜಮೀನ್ದಾರರು, ವರ್ತಕರು, ಗಣಿಯವರು, ರೈತರು ಎಲ್ಲರೂ ಬಂದು ಸೇರಿದ್ದರು. ಡೊಮಿನಿಕನ್ ಸನ್ಯಾಸಿಗಳ ಮಠದಲ್ಲಿ ಸಭೆ. ನಾಲ್ಕು ವರ್ಷದ ಹಿಂದೆ ಪಟ್ಟಕ್ಕೆ ಬಂದಿದ್ದ ಗುಸ್ತಾವ್ ವಾಸಾನ ಬೊಕ್ಕಸ ಬರಿದಾಗಿತ್ತು. ಲ್ಯೂಬೆಕ್ ನಗರದ ಸಾಲ ಕುತ್ತಿಗೆಗೆ ಬಂದಿತ್ತು. ಆಸ್ತಿ, ಕೋಟೆ, ಬೆಳ್ಳಿ ಇದ್ದದ್ದು ಚರ್ಚಿನ ಹತ್ತಿರ. ರಾಜನ ಅಹವಾಲನ್ನು ಅವನ ಕಾರ್ಯದರ್ಶಿ ಲಾರೆಂಶಿಯುಸ್ ಆಂಡ್ರೆಯೇ ಸಭೆಗೆ ಮಂಡಿಸಿದ. ಲಿನ್‌ಶೋಪಿಂಗ್‌ನ ವೃದ್ಧ ಬಿಷಪ್ ಹಾನ್ಸ್ ಬ್ರಾಸ್ಕ್ ಎದ್ದುನಿಂತು, ಪೋಪರ ಅಪ್ಪಣೆಯಿಲ್ಲದೆ ಚರ್ಚಿನ ಸೊತ್ತು ಬಿಟ್ಟುಕೊಡುವುದು ತನ್ನಿಂದ ಆಗದ ಮಾತು ಎಂದುಬಿಟ್ಟ. ತೂರೆ ಯೋನ್ಸನ್ ಎಂಬ ದೊಡ್ಡ ಜಮೀನ್ದಾರ ಅವನ ಬೆನ್ನಿಗೆ ನಿಂತ. ಆಗ ಗುಸ್ತಾವ್ ವಾಸಾ ಬಾಯಿಬಿಟ್ಟ. ಇಂಥ ರಾಜ್ಯವೂ ಬೇಡ, ಕಿರೀಟವೂ ಬೇಡ, ತಾನು ಖರ್ಚು ಮಾಡಿದ್ದನ್ನು ಕೊಟ್ಟುಬಿಡಿ, ದೇಶ ಬಿಟ್ಟು ಹೋಗುತ್ತೇನೆ ಎಂದವನೇ ಕಣ್ಣೀರು ಹಾಕುತ್ತ ಸಭೆಯಿಂದ ಎದ್ದು ಕೋಟೆಗೆ ನಡೆದ.

ಈ ವೃತ್ತಾಂತ ಬರೆದವನು ಪೇಡರ್ ಸ್ವಾರ್ಟ್. ಮುಂದೆ ಅವನೇ ವೆಸ್ಟೆರಾಸ್‌ನ ಬಿಷಪ್ಪನಾದ. ಬರೆದದ್ದು ಘಟನೆ ನಡೆದು ಮೂರು ದಶಕ ಕಳೆದ ಮೇಲೆ, ಅದೂ ರಾಜನ ಕಡೆಯವನಾಗಿ. ಹಾಗಾಗಿ ಆ ಕಣ್ಣೀರನ್ನು ಇತಿಹಾಸಕಾರರು ಜರಡಿ ಹಿಡಿದೇ ಓದುತ್ತಾರೆ. ಭಾಷಣದ ಪರಿಣಾಮದ ಬಗ್ಗೆ ಮಾತ್ರ ಯಾರಿಗೂ ಅನುಮಾನವಿಲ್ಲ. ಕೆಲವೇ ದಿನಗಳಲ್ಲಿ ವರ್ತಕರೂ ರೈತರೂ ಜಮೀನ್ದಾರರ ಮೇಲೆ ಒತ್ತಡ ಹಾಕಿದರು, ರಾಜನನ್ನು ಬೇಡಿಕೊಂಡು ಕರೆತಂದರು. ಬಿಷಪ್ಪರ ಕೋಟೆಗಳೂ ಚರ್ಚಿನ ಹೆಚ್ಚುವರಿ ಆದಾಯವೂ ಸಿಂಹಾಸನದ ಪಾಲಾದವು. ಸ್ವೀಡನ್ ರೋಮಿನಿಂದ ದೂರ ಸರಿಯತೊಡಗಿತು.

ಅದೇ ಸಭೆಯಲ್ಲಿ ನಡೆದ ಇನ್ನೊಂದು ಸಂಗತಿ ಈ ಊರಿನ ಮಾತಿನ ಚರಿತ್ರೆಗೆ ರಾಜನ ಕಣ್ಣೀರಿಗಿಂತ ಹತ್ತಿರದ್ದು. ಸುಧಾರಕ ಓಲಾವುಸ್ ಪೆತ್ರಿಗೂ ಉಪ್ಸಾಲಾದ ಪಂಡಿತ ಪೇಡರ್ ಗಾಲೆಗೂ ಧರ್ಮದ ವಿಷಯದಲ್ಲಿ ಬಹಿರಂಗ ವಾದ ಏರ್ಪಟ್ಟಿತು. ಗಾಲೆ ಲ್ಯಾಟಿನ್‌ನಲ್ಲಿ ಮಾತಿಗಿಳಿದ, ಪೆತ್ರಿ ಸ್ವೀಡಿಷ್‌ನಲ್ಲಿ ಉತ್ತರ ಕೊಟ್ಟ. ಪೆತ್ರಿಯ ಮಾತು ಲ್ಯಾಟಿನ್ ಬಾರದ ರೈತನಿಗೂ ಗಣಿಯವನಿಗೂ ಅರ್ಥವಾಗುವಂಥದ್ದು. ಗೆದ್ದವರು ಯಾರು ಎಂಬುದಕ್ಕಿಂತ, ಕೇಳುವವನಿಗೆ ತಿಳಿಯುವಂತೆ ಮಾತಾಡಬೇಕು ಎಂದು ಪೆತ್ರಿ ಹಟ ಹಿಡಿದದ್ದೇ ದೊಡ್ಡದು.

ಈಗ ವೆಸ್ಟೆರಾಸ್ ಸುತ್ತಲ ಪ್ರದೇಶವೂ ಸೇರಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರಿರುವ ಕೈಗಾರಿಕಾ ನಗರ. ಸ್ಟಾಕ್‌ಹೋಮ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಸಂಜೆ ಕೆಲಸ ಮುಗಿಸಿದ ಹತ್ತಿಪ್ಪತ್ತು ಜನ ಟೋಸ್ಟ್‌ಮಾಸ್ಟರ್ಸ್‌ನಂಥ ಭಾಷಣ ಕ್ಲಬ್ಬಿನಲ್ಲಿ ಕೂತು ಸರದಿಯಲ್ಲಿ ಎದ್ದು ಮಾತಾಡುತ್ತಾರೆಂದರೆ, ಅದು ಅಮೆರಿಕದಿಂದ ಬಂದ ಹೊಸ ಹವ್ಯಾಸ ಎನಿಸುವುದು ಸಹಜ. ಕ್ಲಬ್ಬಿನ ಚೌಕಟ್ಟು ಅಮೆರಿಕದ್ದು, ನಿಜ. ಆದರೆ ಅದಕ್ಕೆ ಬೇಕಾದ ನೆಲವನ್ನು ಈ ಊರೂ ಈ ನಾಡೂ ನೂರಾರು ವರ್ಷ ಉತ್ತು ಹದಮಾಡಿಕೊಂಡು ಬಂದಿದ್ದವು.

ಉಳುಮೆಯ ಮೊದಲ ಸಾಲು ಹಾಕಿದವನು ಬಿಷಪ್ ಯೊಹಾನ್ನೆಸ್ ರುಡ್‌ಬೆಕಿಯುಸ್. ಉಪ್ಸಾಲಾ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರಾಗಿ, ಸಹೋದ್ಯೋಗಿ ಮೆಸ್ಸೇನಿಯುಸ್ ಜೊತೆ ಜಗಳವಾಡಿ, ಆಮೇಲೆ ಎರಡನೆಯ ಗುಸ್ತಾವ್ ಅಡಾಲ್ಫ್ ದೊರೆಯ ಆಸ್ಥಾನದ ಪಾದ್ರಿಯಾಗಿದ್ದವನು. 1623ರಲ್ಲಿ ವೆಸ್ಟೆರಾಸ್‌ನಲ್ಲಿ ಸ್ವೀಡನ್ನಿನ ಮೊದಲ ಜಿಮ್ನೇಸಿಯಂ, ಅಂದರೆ ವಿಶ್ವವಿದ್ಯಾಲಯಕ್ಕೆ ಮುಂಚಿನ ಉನ್ನತ ಶಾಲೆ, ತೆರೆದ. ಇಂದಿಗೂ ಊರಿನ ಒಂದು ಶಾಲೆಗೆ ಅವನದೇ ಹೆಸರಿದೆ. ಆ ಕಾಲದ ಜಿಮ್ನೇಸಿಯಂಗಳಲ್ಲಿ ವಾಗ್ಮಿತೆ ಎಂಬುದು ಗಣಿತ, ಗ್ರೀಕ್‌ಗಳಂತೆ ಒಂದು ಪಾಠ. ಹುಡುಗರು ಲ್ಯಾಟಿನ್‌ನಲ್ಲಿ ಭಾಷಣ ಒಪ್ಪಿಸಬೇಕು, ಕೊಟ್ಟ ವಿಷಯದ ಪರವಾಗಿಯೋ ವಿರುದ್ಧವಾಗಿಯೋ ವಾದಿಸಬೇಕು. 1632ರಲ್ಲಿ ಅವನು ಹೆಣ್ಣುಮಕ್ಕಳಿಗೂ ಒಂದು ಶಾಲೆ ತೆರೆದ. ದೇಶದಲ್ಲಿ ಅದೇ ಮೊದಲನೆಯದು.

ಊರ ನಡುವೆ ಯೆಕ್ನೆಬೆರಿಯೆತ್ ಎಂಬ ಗುಡ್ಡವಿದೆ. ಆ ಹೆಸರು ಹಳೆಯ ಶಾಲೆಯ ವಿದ್ಯಾರ್ಥಿಗಳಿಂದ ಬಂದದ್ದು. 1860ರ ದಶಕದಿಂದ ಸಾಮ್ ಲಿಡ್‌ಮನ್ ಎಂಬವರು ಆ ಬೋಳು ಬಂಡೆಯನ್ನು ಉದ್ಯಾನ ಮಾಡಿದರು. ಗಿಡ ನೆಟ್ಟದ್ದಷ್ಟೇ ಸಾಲದೆಂದು ನೂರಾರು ಕಲ್ಲುಗಳ ಮೇಲೆ ಮಹನೀಯರ ಹೆಸರು, ನೆನಪು, ನೀತಿಮಾತು ಕೆತ್ತಿಸಿದರು. ಗುಡ್ಡ ಹತ್ತುವವರನ್ನು ಕಲ್ಲುಗಳೇ ಮಾತಾಡಿಸುತ್ತವೆ.

ರುಡ್‌ಬೆಕಿಯುಸ್‌ನ ಇನ್ನೊಂದು ಕೆಲಸ ಶಾಲೆಗಿಂತ ದೂರ ಮುಟ್ಟಿತು. ತನ್ನ ಧರ್ಮಪ್ರಾಂತ್ಯದ ಹಳ್ಳಿಹಳ್ಳಿಯಲ್ಲೂ ಪಾದ್ರಿಗಳು ಜನರ ಲೆಕ್ಕ ಇಡಬೇಕು, ಯಾರಿಗೆ ಎಷ್ಟು ಧರ್ಮಪಾಠ ಬರುತ್ತದೆಂದು ಪರೀಕ್ಷಿಸಬೇಕು ಎಂದು ಕಟ್ಟುನಿಟ್ಟು ಮಾಡಿದ. 1686ರ ಚರ್ಚ್ ಕಾನೂನಿನ ನಂತರ ಇಂಥ ಪರೀಕ್ಷೆ ದೇಶಕ್ಕೆಲ್ಲ ಹಬ್ಬಿತು. ಒಬ್ಬರ ಮನೆಯಲ್ಲಿ ನೆರೆಹೊರೆಯವರೆಲ್ಲ ಸೇರುತ್ತಿದ್ದರು. ಯಜಮಾನ, ಹೆಂಡತಿ, ಮಕ್ಕಳು, ಆಳು, ಕೆಲಸದ ಹುಡುಗಿ, ಒಬ್ಬೊಬ್ಬರಾಗಿ ಎಲ್ಲರೆದುರು ಉತ್ತರ ಹೇಳಬೇಕು. ಬಾಯಿಪಾಠದ ಉತ್ತರವೇ ಆಗಲಿ, ಗಂಟಲು ಒಣಗಿಸಿಕೊಂಡು ಹತ್ತು ಜನರ ಮುಂದೆ ನಿಲ್ಲುವ ಅಭ್ಯಾಸ ಹಳ್ಳಿಯ ಬಡ ಹುಡುಗಿಗೂ ಆಯಿತು. ಓದು ಬಲ್ಲವರ ಪ್ರಮಾಣ ಸ್ವೀಡನ್ನಿನಲ್ಲಿ ಅಷ್ಟು ಬೇಗ ಏರಿದ್ದಕ್ಕೆ ಈ ಪರೀಕ್ಷೆಯೂ ಒಂದು ಕಾರಣ.

ಉತ್ತರ ಹೇಳುವ ಕರ್ತವ್ಯವಿತ್ತು, ತನ್ನ ಮಾತು ಆಡುವ ಹಕ್ಕಿರಲಿಲ್ಲ. 1726ರ ಒಂದು ಆಜ್ಞೆಯ ಪ್ರಕಾರ ಪಾದ್ರಿಯಿಲ್ಲದೆ ಮನೆಯಲ್ಲಿ ಜನ ಸೇರಿಸಿ ಧರ್ಮದ ವಿಷಯ ಮಾತಾಡುವುದು ಅಪರಾಧ. ದಂಡ, ಸೆರೆ, ಗಡೀಪಾರಿನ ತನಕ ಶಿಕ್ಷೆಯಿತ್ತು. ಆ ಆಜ್ಞೆ ರದ್ದಾದದ್ದು 1858ರಲ್ಲಿ. ನೂರಾ ಮೂವತ್ತೆರಡು ವರ್ಷ ಕಟ್ಟಿಹಾಕಿದ್ದ ಬಾಯಿಗಳು ಬಿಚ್ಚಿಕೊಂಡ ಮೇಲೆ ಸ್ವತಂತ್ರ ಚರ್ಚುಗಳು, ಪಾನನಿರೋಧದ ಸಂಘಗಳು, ಕಾರ್ಮಿಕ ಸಂಘಗಳು ಒಂದರ ಹಿಂದೊಂದು ಎದ್ದವು. ಗುಡ್ ಟೆಂಪ್ಲರ್ ಎಂಬ ಪಾನನಿರೋಧಿಗಳ ಮೊದಲ ಲಾಡ್ಜ್ 1879ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ಶುರುವಾಯಿತು. ಗಂಡಸರಿಗೂ ಹೆಂಗಸರಿಗೂ ಅಲ್ಲಿ ಸಮಾನ ಸದಸ್ಯತ್ವ. ಸ್ವೀಡನ್ನಿನ ಹೆಣ್ಣುಮಕ್ಕಳು ಸಂಸತ್ತಿಗೆ ಮೊದಲ ಸಲ ವೋಟು ಹಾಕಿದ್ದು 1921ರಲ್ಲಿ. ಲಾಡ್ಜ್‌ನ ಸಭೆಯಲ್ಲಿ ಕೈ ಎತ್ತಿ ಮತ ಹೇಳುವುದನ್ನು ಅವರು ಅದಕ್ಕೆ ನಾಲ್ಕು ದಶಕ ಮೊದಲೇ ಕಲಿತಿದ್ದರು.

ಆ ಸಭೆಗಳ ರೀತಿಯನ್ನು ಸ್ವಲ್ಪ ನಿಂತು ನೋಡಬೇಕು. ಅಧ್ಯಕ್ಷರ ಕೈಯಲ್ಲಿ ಮರದ ಪುಟ್ಟ ಸುತ್ತಿಗೆ. ಮಾತಾಡಬೇಕೆಂದವರು ಕೈ ಎತ್ತಿದರೆ ಹೆಸರು ಪಟ್ಟಿಗೆ ಸೇರುತ್ತದೆ, ಪಟ್ಟಿಯ ಕ್ರಮದಲ್ಲೇ ಸರದಿ. ಎಷ್ಟೇ ದೊಡ್ಡವನಾಗಲಿ ನಡುವೆ ಬಾಯಿ ಹಾಕುವಂತಿಲ್ಲ. ನಡಾವಳಿ ಬರೆಯಲು ಒಬ್ಬರು, ಅದು ಸರಿಯಿದೆಯೆಂದು ಸಹಿ ಹಾಕಲು ಬೇರೆ ಸದಸ್ಯರು. ತೀರ್ಮಾನವಾದಾಗ ಸುತ್ತಿಗೆಯ ಒಂದು ಪೆಟ್ಟು. 1902ರಲ್ಲಿ ಲುಂಡ್ ನಗರದಲ್ಲಿ ಆಸ್ಕರ್ ಓಲ್ಸನ್ ಎಂಬ ಗುಡ್ ಟೆಂಪ್ಲರ್ ಇದಕ್ಕೆ ಅಧ್ಯಯನ ವೃತ್ತವನ್ನು ಜೋಡಿಸಿದರು. ಮೇಷ್ಟರಿಲ್ಲ, ಪರೀಕ್ಷೆಯಿಲ್ಲ, ಒಂದಿಷ್ಟು ಪುಸ್ತಕ ತಂದು ಹಂಚಿ ಓದುವುದು, ಸುತ್ತ ಕೂತು ಚರ್ಚಿಸುವುದು. ಕಾರ್ಮಿಕರ ಶಿಕ್ಷಣ ಸಂಸ್ಥೆ ಎಬಿಎಫ್ 1912ರಲ್ಲಿ ಹುಟ್ಟಿ ಅದನ್ನೇ ಮುಂದುವರಿಸಿತು. ಶಾಲೆಗೆ ಹೆಚ್ಚು ಹೋಗದ ಎಷ್ಟೋ ಜನ ಇಂಥ ಕೋಣೆಗಳಲ್ಲಿ ಮಾತು ಪಳಗಿಸಿಕೊಂಡು ಸಂಸತ್ತಿನವರೆಗೆ ನಡೆದರು. ಬೆಂಗಳೂರಿನಲ್ಲಿ ಡಿ.ವಿ.ಜಿ. 1945ರಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯ ಅಧ್ಯಯನ ಗೋಷ್ಠಿಗಳನ್ನು ಬಲ್ಲ ಕನ್ನಡಿಗರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಟೋಸ್ಟ್‌ಮಾಸ್ಟರ್ಸ್ ಹುಟ್ಟಿದ ಅಮೆರಿಕದ ಕಥೆಯೂ ಹೆಚ್ಚುಕಡಿಮೆ ಅದೇ ಕಾಲದ್ದು. ರಾಲ್ಫ್ ಸ್ಮೆಡ್ಲಿ ಎಂಬ ಯುವಕ ಇಲಿನಾಯ್ ರಾಜ್ಯದ ಬ್ಲೂಮಿಂಗ್‌ಟನ್‌ನ ವೈಎಂಸಿಎಯಲ್ಲಿ ಕೆಲಸಕ್ಕಿದ್ದಾಗ, ಅಲ್ಲಿಗೆ ಬರುವ ಹುಡುಗರಿಗೆ ನಾಲ್ಕು ಜನರ ಮುಂದೆ ಮಾತಾಡಲು, ಸಭೆ ನಡೆಸಲು ಬಾರದ್ದನ್ನು ಗಮನಿಸಿ 1905ರಲ್ಲಿ ಒಂದು ಕೂಟ ಆರಂಭಿಸಿದರು. ಅವರು ಊರು ಬಿಟ್ಟರೆ ಕೂಟವೂ ಸೊರಗುತ್ತಿತ್ತು. ಕೊನೆಗೆ ನೆಲೆ ನಿಂತದ್ದು 1924ರ ಅಕ್ಟೋಬರ್ 22ರಂದು, ಕ್ಯಾಲಿಫೋರ್ನಿಯಾದ ಸಾಂಟಾ ಅನಾದ ವೈಎಂಸಿಎ ಕಟ್ಟಡದ ನೆಲಮಾಳಿಗೆಯಲ್ಲಿ. ಇವತ್ತು 140ಕ್ಕೂ ಹೆಚ್ಚು ದೇಶಗಳಲ್ಲಿ ಅದರ ಕ್ಲಬ್ಬುಗಳಿವೆ. ಒಂದು ವಿಷಯದಲ್ಲಿ ಮಾತ್ರ ಸ್ವೀಡನ್ನಿನ ಪಾನನಿರೋಧಿಗಳು ಬಹಳ ಮುಂದಿದ್ದರು. ಟೋಸ್ಟ್‌ಮಾಸ್ಟರ್ಸ್ ಹೆಂಗಸರಿಗೆ ಬಾಗಿಲು ತೆರೆದದ್ದು 1973ರಲ್ಲಿ. ಅದಕ್ಕೆ ಮೂರು ವರ್ಷ ಮೊದಲು ಹೆಲೆನ್ ಬ್ಲಾಂಚರ್ಡ್ ಎಂಬಾಕೆ ಹೋಮರ್ ಎಂಬ ಗಂಡು ಹೆಸರಿನಲ್ಲಿ ಸದಸ್ಯತ್ವ ಪಡೆದಿದ್ದರು. 1985ರಲ್ಲಿ ಅವರೇ ಆ ಸಂಸ್ಥೆಯ ಮೊದಲ ಮಹಿಳಾ ಅಂತರರಾಷ್ಟ್ರೀಯ ಅಧ್ಯಕ್ಷರಾದರು.

ಸ್ವೀಡಿಷ್ ಸಭೆಗಳಿಂದಲೇ ಮಾತು ಕಲಿತ ಊರಿಗೆ ಇಂಥ ಕ್ಲಬ್ಬಿನ ಇಂಗ್ಲಿಷ್ ಮಾತು ಯಾಕೆ ಬೇಕಾಯಿತು ಎಂಬುದಕ್ಕೆ ಉತ್ತರ ಕಾರ್ಖಾನೆಯಲ್ಲಿದೆ. 1890ರಿಂದ ವೆಸ್ಟೆರಾಸ್ ಎಂದರೆ ಆಸಿಯಾ ಕಂಪನಿ: ಜನರೇಟರು, ಟ್ರಾನ್ಸ್‌ಫಾರ್ಮರು, ರೈಲು ಎಂಜಿನ್ನು, 1970ರ ದಶಕದಿಂದ ಕೈಗಾರಿಕಾ ರೋಬಾಟು. 1988ರಲ್ಲಿ ಅದು ಸ್ವಿಟ್ಜರ್ಲೆಂಡಿನ ಬ್ರೌನ್ ಬೋವೆರಿ ಜೊತೆ ಸೇರಿ ಎಬಿಬಿ ಆಯಿತು, ಪ್ರಧಾನ ಕಚೇರಿ ಜ್ಯೂರಿಕ್‌ಗೆ ಹೋಯಿತು. ಮುಖ್ಯಸ್ಥ ಪರ್ಸಿ ಬಾರ್ನೆವಿಕ್ ಕಂಪನಿಯ ವ್ಯವಹಾರ ಭಾಷೆ ಇಂಗ್ಲಿಷ್ ಎಂದು ಗೊತ್ತು ಮಾಡಿದರು. ಸ್ವೀಡನ್ನಿನವರಿಗೂ ಅದು ತಾಯ್ನುಡಿಯಲ್ಲ, ಸ್ವಿಸ್ ಜನರಿಗೂ ಅಲ್ಲ. ವರ್ಷಗಟ್ಟಲೆ ಸ್ವೀಡಿಷ್‌ನಲ್ಲಿ ವಾದಿಸಿ ಗೆದ್ದ ಎಂಜಿನಿಯರು ಇದ್ದಕ್ಕಿದ್ದಂತೆ ಪರಭಾಷೆಯಲ್ಲಿ ತನ್ನ ನಕ್ಷೆಯನ್ನು ಸಮರ್ಥಿಸಿಕೊಳ್ಳಬೇಕಾಯಿತು. ಹಾಗೆಯೇ, ಸ್ವೀಡಿಷ್ ಬಾರದ ಎಂಜಿನಿಯರುಗಳು ಬೇರೆ ದೇಶಗಳಿಂದ ಇಲ್ಲಿಗೆ ಬಂದು ಕೆಲಸ ಮಾಡುವುದೂ ಸಾಧ್ಯವಾಯಿತು. ಎಬಿಬಿಯ ಭಾರತದ ಪ್ರಧಾನ ಕಚೇರಿ ಇರುವುದು ಬೆಂಗಳೂರಿನಲ್ಲೇ. ಆಸಿಯಾದ ಕವಲುಗಳು ಈಗ ಎಬಿಬಿ, ಹಿಟಾಚಿ ಎನರ್ಜಿ, ಆಲ್‌ಸ್ಟಾಮ್ ಎಂದು ಹಂಚಿಹೋಗಿವೆ. ಇಲ್ಲಿಗೆ ಬಂದು ಮನೆ ಮಾಡಿದ ಕನ್ನಡದ ಸಂಸಾರಗಳ ಜಾಡು ಹಿಡಿದರೆ ಅದು ಸಾಮಾನ್ಯವಾಗಿ ಇಂಥ ಕಂಪನಿಗಳ ಬಾಗಿಲಿಗೇ ಹೋಗಿ ಮುಟ್ಟುತ್ತದೆ.

ಇದೇ ಊರಿನಲ್ಲಿ 1965ರಿಂದ ಮೂರು ದಶಕಕ್ಕೂ ಹೆಚ್ಚು ಕಾಲ ಕವಿ ತೊಮಾಸ್ ತ್ರಾನ್‌ಸ್ತ್ರೋಮರ್ ಇದ್ದರು, ವೃತ್ತಿಯಿಂದ ಮನಶ್ಶಾಸ್ತ್ರಜ್ಞ. 1990ರಲ್ಲಿ ಪಾರ್ಶ್ವವಾಯು ಬಡಿದು ಬಲಗೈಯೂ ಬಹುಪಾಲು ಮಾತೂ ಹೋದವು. ಅವರು ಎಡಗೈಯಲ್ಲಿ ಪಿಯಾನೊ ನುಡಿಸಿದರು, ಕವಿತೆ ಪ್ರಕಟಿಸಿದರು. 1997ರಲ್ಲಿ ವೆಸ್ಟೆರಾಸ್ ನಗರ ಅವರ ಹೆಸರಿನಲ್ಲಿ ಒಂದು ಸಾಹಿತ್ಯ ಪ್ರಶಸ್ತಿ ಸ್ಥಾಪಿಸಿತು. 2011ರಲ್ಲಿ ನೊಬೆಲ್ ಬಂದಾಗ ರೂಢಿಯ ಉಪನ್ಯಾಸದ ಬದಲು ಅವರ ಕವಿತೆಗಳ ವಾಚನ, ಗಾಯನ ನಡೆಯಿತು. ಮಾತಿಗೆ ಈ ಊರು ಕೊಟ್ಟ ಗೌರವದ ಲೆಕ್ಕದಲ್ಲಿ ಅವರನ್ನು ಬಿಡುವಂತಿಲ್ಲ.

ಇನ್ನು ಕ್ಲಬ್ಬಿನ ಸಂಜೆ. ಕ್ರಮ ಜಗತ್ತಿನ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಮೊದಲು ಸಿದ್ಧಪಡಿಸಿಕೊಂಡ ಭಾಷಣಗಳು, ಸಾಮಾನ್ಯವಾಗಿ 5ರಿಂದ 7 ನಿಮಿಷ. ಹೊಸಬರ ಮೊದಲ ಭಾಷಣ ತಮ್ಮ ಪರಿಚಯದ್ದು, 4ರಿಂದ 6 ನಿಮಿಷ. ಬಳಿಕ ಆಶುಭಾಷಣ: ವಿಷಯ ಅಲ್ಲೇ ಗೊತ್ತಾಗುತ್ತದೆ, ಸಿಗುವುದು ಎರಡೇ ನಿಮಿಷ. ಸಮಯ ನೋಡುವವರು ಒಂದು ನಿಮಿಷಕ್ಕೆ ಹಸಿರು, ಒಂದೂವರೆಗೆ ಹಳದಿ, ಎರಡಕ್ಕೆ ಕೆಂಪು ತೋರಿಸುತ್ತಾರೆ. ಮೂಲೆಯಲ್ಲಿ ಇನ್ನೊಬ್ಬರು ಕಾಗದದ ಮೇಲೆ ಗೀಟು ಎಳೆಯುತ್ತಿರುತ್ತಾರೆ, ಯಾರು ಎಷ್ಟು ಸಲ ತಡವರಿಸಿ ಬೇಡದ ತುಂಬುಪದ ಬಳಸಿದರು ಎಂದು. ಸ್ವೀಡನ್ನಿನವರ ನಾಲಿಗೆಗೆ ಬರುವುದು ‘ಲಿಕ್‌ಸೊಮ್’, ‘ಆಲ್ಟ್‌ಸೊ’. ಕನ್ನಡಿಗನ ಬಾಯಿಂದ ಇಂಗ್ಲಿಷ್ ವಾಕ್ಯದ ನಡುವೆಯೂ ‘ಅಂದ್ರೆ’ ನುಸುಳುತ್ತದೆ. ಗೀಟು ಮಾತ್ರ ಎಲ್ಲಕ್ಕೂ ಬೀಳುತ್ತದೆ.

ಆಶುಮಾತಿನಲ್ಲಿ ಕನ್ನಡ ನಾಡು ಯಾರಿಗೂ ಕಡಿಮೆಯಿಲ್ಲ. ತಾಳಮದ್ದಳೆಯಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರು, ಮಲ್ಪೆ ರಾಮದಾಸ ಸಾಮಗರು ವೇಷವಿಲ್ಲದೆ ಕೂತು, ಭಾಗವತರ ಪದ ಮುಗಿದೊಡನೆ ಅರ್ಥ ಎತ್ತಿಕೊಂಡರೆ ರಾತ್ರಿ ಸರಿದದ್ದು ಕೇಳುಗರಿಗೆ ತಿಳಿಯುತ್ತಿರಲಿಲ್ಲ. ಅದು ಮಹಾನ್ ಕಲೆ. ಆದರೆ ಅಲ್ಲಿ ಅರ್ಥಧಾರಿಗಳು ಐದಾರು ಮಂದಿ, ಉಳಿದ ನಾವೆಲ್ಲ ಕೇಳುಗರು. ನಮ್ಮ ಸಭೆಗಳಲ್ಲೂ ಅದೇ ರೂಢಿ ಉಳಿದಿದೆ: ವೇದಿಕೆಯ ಗಣ್ಯರು ಮೈಕು ಬಿಡುವುದಿಲ್ಲ, ಕೊನೆಗೆ ವಂದನಾರ್ಪಣೆ ಹೇಳುವವನಿಗೆ ಸಿಗುವುದು ಖಾಲಿ ಕುರ್ಚಿಗಳು. ನಾಡಿಗೆ ಮಹಾ ವಾಗ್ಮಿಗಳು ಬೇಕು, ನಿಜ. ಅಷ್ಟೇ ಅಗತ್ಯವಾಗಿ ಬೇಕಾದದ್ದು, ಗ್ರಾಮಸಭೆಯಲ್ಲಿ ಎದ್ದುನಿಂತು ಎರಡು ನಿಮಿಷದಲ್ಲಿ ತನ್ನ ಅಹವಾಲು ಹೇಳಿ ಕೂರಬಲ್ಲ ಹೆಣ್ಣುಮಗಳು.

ಕ್ಲಬ್ಬಿನ ಸಂಜೆಯ ಅತ್ಯಂತ ಬೆಲೆಯುಳ್ಳ ಭಾಗ ಭಾಷಣ ಮುಗಿದ ಮೇಲೆ ಬರುತ್ತದೆ. ಪ್ರತಿ ಭಾಷಣಕ್ಕೂ ಒಬ್ಬ ವಿಮರ್ಶಕ, ಅವನಿಗೂ ಮೂರು ನಿಮಿಷದ ಮಿತಿ. ಹೊಗಳಿಕೆಯಲ್ಲೇ ಮುಳುಗಿಸುವಂತಿಲ್ಲ, ಮನಸ್ಸು ಮುರಿಯುವಂತೆಯೂ ಇಲ್ಲ. ಎಲ್ಲಿ ದನಿ ಇಳಿಯಿತು, ಯಾವ ಉದಾಹರಣೆ ಮುಟ್ಟಿತು, ಮುಂದಿನ ಸಲ ಏನು ತಿದ್ದಿಕೊಳ್ಳಬೇಕು ಎಂದು ಎಲ್ಲರೆದುರೇ ಹೇಳಬೇಕು. ಹುದ್ದೆಗೆ ಇಲ್ಲಿ ಲೆಕ್ಕವಿಲ್ಲ. ಮೊನ್ನೆ ಸೇರಿದ ವಿದ್ಯಾರ್ಥಿನಿ ಹಿರಿಯ ವ್ಯವಸ್ಥಾಪಕನ ಭಾಷಣವನ್ನು ವಿಮರ್ಶಿಸಬಹುದು. ಆಮೇಲೆ ಆ ವಿಮರ್ಶಕರನ್ನು ವಿಮರ್ಶಿಸಲು ಇನ್ನೊಬ್ಬರು ಏಳುತ್ತಾರೆ. ಅಷ್ಟಾದ ಮೇಲೆ ಮುಂದಿನ ಸಭೆಯ ಪಟ್ಟಿ ಮೇಜಿಗೆ ಬರುತ್ತದೆ: ಅಧ್ಯಕ್ಷತೆ ಯಾರದ್ದು, ಭಾಷಣ ಯಾರದ್ದು, ಗಡಿಯಾರ ಯಾರ ಕೈಯಲ್ಲಿ ಎಂದು ಒಂದೊಂದೇ ಹೆಸರು ತುಂಬುತ್ತಾರೆ. ಇನ್ನೂ ಬಾಯಿಬಿಡಲು ಅಂಜುವ ಹೊಸಬರಿಗೆ ಹಸಿರು, ಹಳದಿ, ಕೆಂಪಿನ ಕೆಲಸವನ್ನೇ ಮೊದಲು ಕೊಡುವುದು ವಾಡಿಕೆ.