ಎಂಬತ್ತೊಂದು ಡಾಲರಿನ ನಗು

ಡೊಂಬಿವಿಲಿಯ ನಮ್ಮ ಮನೆಯಲ್ಲಿ ಒಂದೇ ಬೆಡ್‌ರೂಮು. 2006ರಲ್ಲಿ ಮಗ ಇಂಜಿನಿಯರಿಂಗ್ ಓದುತ್ತಿದ್ದಾಗ ಅದನ್ನು ಅವನಿಗೇ ಬಿಟ್ಟುಕೊಟ್ಟು ನಾವಿಬ್ಬರೂ ಹಾಲಿನಲ್ಲಿ ಮಲಗುತ್ತಿದ್ದೆವು. ಒಂದು ಶನಿವಾರ ಬ್ಯಾಂಕಿನ ಅರ್ಧ ದಿನದ ಕೆಲಸ ಮುಗಿಸಿ, ಲೋಕಲ್ಲಿನಲ್ಲಿ ನಿಂತೇ ಬಂದು ಬಾಗಿಲು ತೆಗೆದರೆ, ಒಳಗೆ ಮಗನೂ ಅವನ ಇಬ್ಬರು ಗೆಳೆಯರೂ ಕಂಪ್ಯೂಟರಿನ ಎದುರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. ತೆರೆಯ ಮೇಲೆ ಉದ್ದ ಕೂದಲಿನ ಮೂವರು ಭಾರೀ ಗಂಭೀರವಾಗಿ ಗಿಟಾರ್ ಬಾರಿಸುತ್ತಿದ್ದರು.

"ಎಂಥದು ಇದು ಗಲಾಟೆ?" ಅಂದೆ.

"ಇದು ಸ್ಪೈನಲ್ ಟ್ಯಾಪ್, ಅಪ್ಪ. ಸುಳ್ಳು ಬ್ಯಾಂಡು. ಹೆವಿ ಮೆಟಲ್‌ನವರನ್ನ ಗೇಲಿ ಮಾಡ್ಲಿಕ್ಕೆ ತೆಗೆದ ಸಿನಿಮಾ."

ಮೇಜಿನ ಮೇಲೆ ಅದೇ ಹೆಸರಿನ ಸಿ.ಡಿ. ಬಿದ್ದಿತ್ತು. "ಸುಳ್ಳು ಬ್ಯಾಂಡಿಗೆ ನಿಜವಾದ ಸಿ.ಡಿ. ಯಾಕೆ?" ಅಂತ ಕೇಳಿದೆ. ಮೂವರೂ ಇನ್ನಷ್ಟು ನಕ್ಕರು. ನನಗೆ ಸಿಟ್ಟು ಬಂತು. ಮಗನ ಬಳಿ ಒಂದು ಸೆಕೆಂಡ್‌ಹ್ಯಾಂಡ್ ಗಿಟಾರ್ ಇತ್ತು, ಸಿಟ್ಟು ಅದರ ಕಡೆಗೂ ತಿರುಗಿತು. ಇಂಥ ತಮಾಷೆಯಿಂದ ಅನ್ನ ಹುಟ್ಟುವುದಿಲ್ಲ ಅಂತ ಗೆಳೆಯರ ಎದುರೇ ಅಂದುಬಿಟ್ಟೆ. ಎರಡು ತಿಂಗಳಲ್ಲಿ ಗಿಟಾರ್ ಅಟ್ಟ ಸೇರಿತು. ಅವನೂ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆ ಹೆಸರು ಮತ್ತೆ ಕಣ್ಣಿಗೆ ಬಿದ್ದದ್ದು ಹತ್ತು ವರ್ಷದ ಮೇಲೆ, ಪತ್ರಿಕೆಯ ವಾಣಿಜ್ಯ ಪುಟದಲ್ಲಿ! 2016ರ ಅಕ್ಟೋಬರಿನಲ್ಲಿ, ಆ ಬ್ಯಾಂಡಿನ ಬಾಸ್ ಗಿಟಾರ್‌ನವನ ಪಾತ್ರ ಮಾಡಿದ ಹ್ಯಾರಿ ಶಿಯರರ್, ಸಿನಿಮಾದ ಹಕ್ಕು ಹೊಂದಿದ್ದ ಫ್ರಾನ್ಸಿನ ವಿವೆಂಡಿ ಕಂಪನಿಯ ಮೇಲೆ ಹನ್ನೆರಡೂವರೆ ಕೋಟಿ ಡಾಲರಿನ ದಾವೆ ಹೂಡಿದ್ದರು. ದಾವೆಯ ಪ್ರಕಾರ, 1984ರಿಂದ 2006ರವರೆಗೆ ಬ್ಯಾಂಡಿನ ಹೆಸರಿನ ಸರಕಿನ ಮಾರಾಟದಲ್ಲಿ ನಾಲ್ವರು ಕರ್ತೃಗಳ ಪಾಲು ಅಂತ ಲೆಕ್ಕದಲ್ಲಿ ತೋರಿಸಿದ್ದು 81 ಡಾಲರು. 1989ರಿಂದ 2006ರವರೆಗೆ ಹಾಡುಗಳ ಮಾರಾಟದ ಲೆಕ್ಕ 98 ಡಾಲರು.

ನಾನು ಓದಿದ್ದು ಎಂ.ಕಾಂ., ಉಂಡದ್ದು ಲೆಡ್ಜರಿನ ಅನ್ನ. ಕೂಡಲೇ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. 81 ಡಾಲರೆಂದರೆ ಆಗಿನ ದರದಲ್ಲಿ ಸುಮಾರು 5,400 ರೂಪಾಯಿ. ತಲೆಗೆ 1,350. ಅದೂ ಇಪ್ಪತ್ತೆರಡು ವರ್ಷಕ್ಕೆ! ವಿಶ್ವವಿಖ್ಯಾತ ಸಿನಿಮಾ, 2002ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿದ್ದು. ಅದರವರ ಖಾತೆಯಲ್ಲಿ ಇಷ್ಟೇ ಅಂದರೆ, ನಮ್ಮ ಬ್ಯಾಂಕಿನ ಯಾವ ಇನ್‌ಸ್ಪೆಕ್ಟರೂ ಕಣ್ಣು ಮುಚ್ಚಿ ಸಹಿ ಹಾಕುತ್ತಿರಲಿಲ್ಲ. 2017ರಲ್ಲಿ ಉಳಿದ ಮೂವರೂ ದಾವೆಗೆ ಸೇರಿಕೊಂಡರು.

2020ರಲ್ಲಿ ನಿವೃತ್ತನಾದೆ. ಕೈತುಂಬ ಹೊತ್ತು. ಆಗ ಆ ಸಿ.ಡಿ.ಯನ್ನು ಹುಡುಕಿ ತೆಗೆದು ಕೂತು ಕೇಳಿದೆ. ಕೇಳುತ್ತ ಹೋದಂತೆ ಅದರ ಕಥೆಯೂ ಬಿಚ್ಚಿಕೊಂಡಿತು.

ಕ್ರಿಸ್ಟೋಫರ್ ಗೆಸ್ಟ್, ಮೈಕೆಲ್ ಮೆಕೀನ್, ಹ್ಯಾರಿ ಶಿಯರರ್ ಮೂವರೂ ಅಮೆರಿಕದಲ್ಲಿ ಹುಟ್ಟಿದ ನಟರು. 1979ರಲ್ಲಿ ಒಂದು ಟಿ.ವಿ. ಕಾರ್ಯಕ್ರಮದಲ್ಲಿ ಇಂಗ್ಲೆಂಡಿನ ಹೆವಿ ಮೆಟಲ್ ತಂಡದವರಂತೆ ಮೊದಲು ವೇಷ ಹಾಕಿದರು. 1984ರಲ್ಲಿ ರಾಬ್ ರೈನರ್ ನಿರ್ದೇಶನದಲ್ಲಿ 'ದಿಸ್ ಈಸ್ ಸ್ಪೈನಲ್ ಟ್ಯಾಪ್' ಬಂತು. ಮಾತೆಲ್ಲ ಬಹುಪಾಲು ಆಶು. ಹಾಡು ಕಟ್ಟಿದ್ದೂ ಬಾರಿಸಿದ್ದೂ ಹಾಡಿದ್ದೂ ಅವರೇ. ಅದರಲ್ಲಿ ನನಗೆ ಅತಿ ಪ್ರಿಯವಾದದ್ದು 'ಸ್ಟೋನ್‌ಹೆಂಜ್' ಪ್ರಸಂಗ. ವೇದಿಕೆಗೆ 18 ಅಡಿಯ ಕಲ್ಲಿನ ಕಮಾನು ಬೇಕು, ಬರೆದುಕೊಡುವಾಗ ಅಡಿಯ ಬದಲು ಇಂಚಿನ ಗುರುತು ಬಿದ್ದಿದೆ. ಬಂದದ್ದು 18 ಇಂಚಿನ ಕಮಾನು! ಒಂದು ಸೊನ್ನೆಗಾಗಿ ರಾತ್ರಿ ಒಂಬತ್ತರವರೆಗೆ ಬ್ಯಾಂಕಿನಲ್ಲಿ ಕೂತವರಿಗೆ ಆ ನಗುವಿನ ಒಳಗಿನ ನಡುಕ ಗೊತ್ತು.

ಸಿನಿಮಾದ ಈ ತಮಾಷೆಗಳು ಎಲ್ಲರ ಬಾಯಲ್ಲಿವೆ, ಆಲ್ಬಂಗಳ ಮಾತು ಮಾತ್ರ ಯಾರೂ ಎತ್ತುವುದಿಲ್ಲ. ಮೊದಲನೆಯದನ್ನೇ ನೋಡಿ. 'ಗಿಮ್ಮಿ ಸಮ್ ಮನಿ' ಅರವತ್ತರ ದಶಕದ ಮೊದಲ ಭಾಗದ ಇಂಗ್ಲಿಷ್ ಬೀಟ್ ತಂಡಗಳ ಧಾಟಿಯದು. 'ಫ್ಲವರ್ ಪೀಪಲ್' 1967ರ ಹಿಪ್ಪಿ ಕಾಲದ್ದು. ಆಮೇಲೆ ಎಪ್ಪತ್ತರ ದಶಕದ ಅಬ್ಬರ. ಒಂದೇ ಆಲ್ಬಂನಲ್ಲಿ ಇಪ್ಪತ್ತು ವರ್ಷದ ಬ್ರಿಟಿಷ್ ರಾಕ್ ಚರಿತ್ರೆ ಕೂತಿದೆ. ನಮ್ಮ ಯಕ್ಷಗಾನದ ಹಾಸ್ಯಗಾರ ತಾಳ ತಪ್ಪಿದಂತೆ ಕುಣಿಯಬೇಕಾದರೆ ತಾಳ ಚೆನ್ನಾಗಿ ಗೊತ್ತಿರಬೇಕಲ್ಲ, ಹಾಗೆ. ಆ ಆಲ್ಬಂಗೆ ಬರೀ ಕಪ್ಪು ಮುಖಪುಟ ಹಾಕಿದ್ದೂ ಸಿನಿಮಾದೊಳಗಿನ ಒಂದು ಜೋಕು. 1991ರಲ್ಲಿ ನಿಜವಾದ ಬ್ಯಾಂಡು ಮೆಟಾಲಿಕಾ ಕಪ್ಪು ಮುಖಪುಟದ ಆಲ್ಬಂ ತಂದು ಕೋಟಿಗಟ್ಟಲೆ ಮಾರಿತು.

1992ರ 'ಬ್ರೇಕ್ ಲೈಕ್ ದ ವಿಂಡ್' ಇನ್ನೂ ದೊಡ್ಡ ಸೋಜಿಗ. ಸುಳ್ಳು ಬ್ಯಾಂಡಿನ ಜೊತೆ ಗಿಟಾರ್ ನುಡಿಸಲು ಬಂದವರು ಜೆಫ್ ಬೆಕ್, ಸ್ಲ್ಯಾಶ್, ಜೋ ಸಾಟ್ರಿಯಾನಿ. ಒಂದು ಹಾಡಿಗೆ ದನಿಗೂಡಿಸಿದವರು ಗಾಯಕಿ ಶೇರ್. ಅದೇ ವರ್ಷ ಏಪ್ರಿಲ್ 20ರಂದು ವೆಂಬ್ಲಿ ಸ್ಟೇಡಿಯಂನಲ್ಲಿ ಫ್ರೆಡ್ಡಿ ಮರ್ಕ್ಯುರಿಯ ಸ್ಮರಣೆಗೆ ನಡೆದ ಕಾರ್ಯಕ್ರಮದಲ್ಲಿ ಇವರೂ ಹಾಡಿದರು. ಅಮೆರಿಕದವರು ಇಂಗ್ಲಿಷರ ಉಚ್ಚಾರ ನಟಿಸಿ ಇಂಗ್ಲೆಂಡಿನಲ್ಲೇ ವೇದಿಕೆ ಏರಿದ್ದು! ಓದುವಾಗ ನನ್ನದೇ ನೆನಪಾಯಿತು. 1986ರಲ್ಲಿ ಉಡುಪಿ ಕಡೆಯಿಂದ ಇಲ್ಲಿಗೆ ವರ್ಗವಾಗಿ ಬಂದವನು ಕೌಂಟರಿನಲ್ಲಿ ಮರಾಠಿ ಬರುವವನಂತೆ ನಟಿಸುತ್ತಿದ್ದೆ. ಯಾವ ದಿನ ಆ ನಟನೆ ನಿಜವಾಯಿತೋ ನನಗೇ ತಿಳಿಯಲಿಲ್ಲ.

2009ರ 'ಬ್ಯಾಕ್ ಫ್ರಮ್ ದ ಡೆಡ್' ಇಪ್ಪತ್ತೈದು ವರ್ಷದ ಮೇಲೆ ಬಹುಪಾಲು ಹಳೆಯ ಹಾಡುಗಳನ್ನೇ ಹೊಸದಾಗಿ ಹಾಡಿದ್ದು. 'ಫ್ಲವರ್ ಪೀಪಲ್' ಅದರಲ್ಲಿ ರೆಗೇ ಆಗಿದೆ. ನನ್ನ ಮಟ್ಟಿಗೆ ಇದು ಉಳಿದವಕ್ಕಿಂತ ಸ್ವಲ್ಪ ಸಪ್ಪೆ.

ನನ್ನನ್ನು ನಿಜವಾಗಿ ಹಿಡಿದದ್ದು 2018ರಲ್ಲಿ ಶಿಯರರ್ ತಮ್ಮ ಪಾತ್ರವಾದ ಡೆರೆಕ್ ಸ್ಮಾಲ್ಸ್ ಹೆಸರಿನಲ್ಲಿ ತಂದ 'ಸ್ಮಾಲ್ಸ್ ಚೇಂಜ್'. ಅದರ ವಿಷಯ ಮುಪ್ಪು. ಆಗ ಅವರಿಗೆ ಎಪ್ಪತ್ತನಾಲ್ಕು. ಉದುರಿದ ಕೂದಲಿನ ಮೇಲೆ ಒಂದು ಹಾಡು, 'ಎಂ.ಆರ್.ಐ.' ಅಂತಲೇ ಇನ್ನೊಂದು. ಬೆನ್ನುನೋವಿಗಾಗಿ ನಾನು ಆ ಯಂತ್ರದೊಳಗೆ ಮಲಗಿ ಬಂದ ವಾರವೇ ಅದನ್ನು ಕೇಳಿದೆ. ಒಳಗೆ ಡಬಡಬ ಬಡಿತ ಕೇಳುತ್ತ ಹೆದರಿ ಮಲಗಿದ್ದವನು ಮನೆಗೆ ಬಂದು ಅದೇ ಸದ್ದಿಗೆ ಒಬ್ಬನೇ ನಕ್ಕೆ. ಹೆಂಡತಿ ಅಡುಗೆ ಮನೆಯಿಂದ ಇಣುಕಿ ನೋಡಿ, "ಏನಾಯ್ತು ನಿಮಗೆ?" ಅಂದಳು. 2006ರ ಆ ಶನಿವಾರ ಮಗನ ಕೋಣೆಯಿಂದ ಕೇಳಿದ್ದೂ ಇದೇ ನಗು ಅಂತ ಆಗ ಹೊಳೆಯಿತು.

ಸುಳ್ಳು ಬ್ಯಾಂಡಿಗೆ ನಿಜವಾದ ಸಿ.ಡಿ. ಯಾಕೆ ಅಂದರೆ, ಒಳಗಿನ ದುಡಿಮೆ ನಿಜವಾದದ್ದು. ನಗಿಸುವವನ ಶ್ರಮವನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಂಬತ್ತೊಂದು ಡಾಲರಿನ ಲೆಕ್ಕಕ್ಕೆ ತಲೆ ಅಲ್ಲಾಡಿಸಿದ ನಾನು, ಮಗ ಬೆರಳು ದಡ್ಡು ಕಟ್ಟುವ ತನಕ ಗಿಟಾರ್ ಕಲಿತದ್ದನ್ನು ಯಾವ ಖಾತೆಗೆ ಬರೆದಿದ್ದೆ?

ದಾವೆ ಸಂಗೀತದ ವಿಷಯದಲ್ಲಿ 2019ರಲ್ಲೂ, ಉಳಿದದ್ದರಲ್ಲಿ 2020ರಲ್ಲೂ ರಾಜಿಯಾಯಿತು. 2025ರ ಸೆಪ್ಟೆಂಬರಿನಲ್ಲಿ ಎರಡನೆಯ ಸಿನಿಮಾ ಬಂತು, ಜೊತೆಗೆ ಹೊಸ ಆಲ್ಬಂ. ಅದರಲ್ಲಿ ಪಾಲ್ ಮೆಕಾರ್ಟ್ನಿ, ಎಲ್ಟನ್ ಜಾನ್ ಕೂಡ ಹಾಡಿದ್ದಾರೆ. ಡಿಸೆಂಬರಿನಲ್ಲಿ ರಾಬ್ ರೈನರ್ ತೀರಿಕೊಂಡ ಸುದ್ದಿ ಓದಿ, ಪುಣೆಯಲ್ಲಿರುವ ಮಗನಿಗೆ ನಾನೇ ಫೋನ್ ಮಾಡಿದೆ.

"ನಿಮಗೆ ಹೇಗೆ ಗೊತ್ತು ಅಪ್ಪ ಅವರೆಲ್ಲ?" ಅಂದ.

ಆಲ್ಬಂಗಳ ಹೆಸರು ಒಂದೊಂದಾಗಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದ, "ಆ ಗಿಟಾರ್ ಅಟ್ಟದಲ್ಲೇ ಉಂಟಾ?"

"ಉಂಟು. ತಂತಿ ತುಕ್ಕು ಹಿಡಿದಿದೆ ಅಷ್ಟೆ."

ಮರುದಿನ ಧೋಬಿ ತಲಾವಿಗೆ ಹೋಗಿ ಒಂದು ಸೆಟ್ ಹೊಸ ತಂತಿ ತಂದೆ. ಖರ್ಚಿನ ಪುಸ್ತಕದಲ್ಲಿ ಅದನ್ನು 'ಹಳೆ ಬಾಕಿ' ಅಂತ ಬರೆದಿಟ್ಟಿದ್ದೇನೆ.