ಚಿಗಟದ ಮನೆ ಯಾವುದು?

ನಾಯಿ ಮೈ ಕೆರೆದುಕೊಳ್ಳುತ್ತದೆ. ಬೆಕ್ಕು ಮಲಗಿದಲ್ಲಿಂದ ಧಿಗ್ಗನೆದ್ದು ಬಾಲದ ಬುಡವನ್ನು ಕಚ್ಚಿಕೊಳ್ಳುತ್ತದೆ. ಅದರ ಮೈಗೆ ಏನು ಹಚ್ಚೋಣವೆಂದು ಮನೆಯವರೆಲ್ಲ ಯೋಚಿಸುತ್ತಾರೆ. ಅಜ್ಜಿಯೊಬ್ಬರು ಮಾತ್ರ, “ಮೊದಲು ಅದು ಮಲಗುವ ಗೋಣಿತಾಟು ಬಿಸಿಲಿಗೆ ಹಾಕಿ” ಎನ್ನುತ್ತಾರೆ. ಯಾರ ಮಾತು ಸರಿ? ಉತ್ತರಕ್ಕಾಗಿ ನೀವು ನನ್ನೊಡನೆ ನೂರಿಪ್ಪತ್ತೈದು ವರ್ಷಗಳಿಗೂ ಹಿಂದಕ್ಕೆ ಬರಬೇಕು.

1898ರ ಆಗಸ್ಟ್ ತಿಂಗಳಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕು ಮೈಸೂರು ಸೀಮೆಯಲ್ಲಿ ಹಬ್ಬಿತು. ಆಗ ಯಳಂದೂರು ಸಂಸ್ಥಾನದೊಳಗಿತ್ತು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಊರದು. ಪಕ್ಕದ ಕೊಳ್ಳೇಗಾಲ, ಹನೂರುಗಳು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. ಅವು ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ರಂದು. ನಡುವೆ ಸರ್ಕಾರಗಳ ಗಡಿಯಿತ್ತು ನಿಜ. ಇಲಿಗೂ ಚಿಗಟಕ್ಕೂ ಎಲ್ಲಿಯ ಗಡಿ?

ಇಲಿ ಬಿದ್ದರೆ ಜನ ಮನೆಗೆ ಬೀಗ ಹಾಕಿ, ಹೊಲದಲ್ಲಿ ಗುಡಿಸಲು ಕಟ್ಟಿಕೊಂಡು ಇರುತ್ತಿದ್ದರು. ಕಾರಣ ಯಾರಿಗೂ ತಿಳಿಯದು. ಅದೇ 1898ರಲ್ಲಿ ಕರಾಚಿಯಲ್ಲಿದ್ದ ಫ್ರೆಂಚ್ ವೈದ್ಯ ಸಿಮೋಂ, ಸತ್ತ ಇಲಿಯ ಮೈ ತಣ್ಣಗಾದಾಗ ಅದನ್ನು ಬಿಟ್ಟು ಹಾರುವ ಚಿಗಟವೇ ರೋಗವನ್ನು ಒಯ್ಯುತ್ತದೆಂದು ಕಂಡುಕೊಂಡ. ಬಹುಮಂದಿ ನಂಬಲಿಲ್ಲ. 1905ರಿಂದ ಮುಂಬಯಿಯಲ್ಲಿ ನಡೆದ ಸಂಶೋಧನೆ ಅವನ ಮಾತನ್ನು ದೃಢಪಡಿಸಿತು. ಮನೆ ಬಿಟ್ಟು ಹೋದವರು ತಮಗರಿಯದೆಯೇ ನೆಲದ ಚಿಗಟದಿಂದ ದೂರವಾಗಿದ್ದರು!

ನಿಮ್ಮ ನಾಯಿ ಬೆಕ್ಕುಗಳ ಮೇಲಿರುವುದು ಸಾಮಾನ್ಯವಾಗಿ ಇಲಿಯ ಚಿಗಟವಲ್ಲ, ಬೇರೆ ಜಾತಿಯದು. ಆದರೆ ಬಾಳುವೆ ಒಂದೇ ಬಗೆ. ಅದು ಪ್ರಾಣಿಯ ಮೈಮೇಲೆ ಮೊಟ್ಟೆಯಿಡುತ್ತದೆ. ನುಣುಪಾದ ಮೊಟ್ಟೆ ಜಾರಿ ಹಾಸಿಗೆಗೆ, ನೆಲದ ಬಿರುಕಿಗೆ ಬೀಳುತ್ತದೆ. ಮರಿಹುಳು ಕತ್ತಲಲ್ಲಿ ಬೆಳೆದು ಗೂಡು ಕಟ್ಟುತ್ತದೆ. ಗೂಡಿನೊಳಗೆ ತಿಂಗಳುಗಟ್ಟಲೆ ಕಾದಿದ್ದು, ಹೆಜ್ಜೆಯ ಅದುರು, ಮೈಯ ಬಿಸಿ ತಾಕಿದೊಡನೆ ಹೊರಬೀಳುತ್ತದೆ. ನೀವು ನಾಯಿಯ ಮೇಲೆ ಕಾಣುವುದು ಸಂಸಾರದ ಒಂದು ಸಣ್ಣ ಪಾಲು ಮಾತ್ರ.

ಇನ್ನು ಮನೆಮದ್ದುಗಳನ್ನು ಒರೆಗೆ ಹಚ್ಚೋಣ. ಬೇವಿನ ಬೀಜದ ಸತ್ವ ಹುಳು ಬಲಿಯುವುದನ್ನು ತಡೆಯಬಲ್ಲದು. ಬರೀ ಸೊಪ್ಪು ಹಾಸಿದರೆ ಚಿಗಟ ಸಾಯದು. ಸೀತಾಫಲದ ಬೀಜದ ಪುಡಿ ಹೇನನ್ನು ಕೊಲ್ಲುತ್ತದೆ, ಆದರೆ ಕಣ್ಣಿಗೆ ಬಿದ್ದರೆ ಕಣ್ಣಿಗೇ ಕೇಡು. ಹೊಗೆಸೊಪ್ಪಿನ ಕಷಾಯ ಚರ್ಮದ ಮೂಲಕವೇ ವಿಷವೇರಿಸುತ್ತದೆ. ಸೀಮೆಎಣ್ಣೆ ಚರ್ಮವನ್ನು ಸುಡುತ್ತದೆ. ಮೈ ನೆಕ್ಕುವ ಬೆಕ್ಕಿಗಂತೂ ಇವೆರಡೂ ಪ್ರಾಣಕ್ಕೆ ಅಪಾಯ.

ಕೊಳ್ಳೇಗಾಲ ಮದರಾಸು ಪ್ರಾಂತ್ಯದಲ್ಲಿ ರೇಷ್ಮೆ ಸಾಕಣೆಯ ಮುಖ್ಯ ನೆಲೆಯಾಗಿತ್ತು. ರೇಷ್ಮೆಹುಳುವಿಗೆ ಹೊಗೆಸೊಪ್ಪು ವಿಷ, ಕೀಟನಾಶಕವೂ ವಿಷ. ಹುಳು ಸಾಕುವ ಮನೆಯಲ್ಲಿ ನಾಯಿಗೆ ಹಚ್ಚಿದ ಮದ್ದು ಚಂದ್ರಿಕೆಯವರೆಗೂ ಮುಟ್ಟೀತು! ಅಂಥ ಮನೆಗೆ ಉಳಿಯುವ ನೆಚ್ಚಿನ ಸಾಧನಗಳೆಂದರೆ ಪೊರಕೆ, ಬಿಸಿನೀರು, ಬಿಸಿಲು.

ನಿಮಗೂ ಅವೇ ಸಾಕು. ಹಾಸಿಗೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಮೂಲೆ ಬಿರುಕುಗಳನ್ನು ದಿನವೂ ಗುಡಿಸಿ, ಕಸವನ್ನು ದೂರ ಎಸೆಯಿರಿ. ಹೇನು ತೆಗೆಯುವ ಸೀರಣಿಗೆಯಿಂದ ಪ್ರಾಣಿಯ ಮೈ ಬಾಚಿ, ಸಿಕ್ಕ ಚಿಗಟವನ್ನು ಸೋಪಿನ ನೀರಿಗೆ ಅದ್ದಿ. ಗೂಡಿನಲ್ಲಿರುವುದು ಆಮೇಲೆ ಹೊರಬರುವುದರಿಂದ ಒಂದೇ ವಾರಕ್ಕೆ ಕೈಬಿಡಬೇಡಿ. ಎಳೆಯ ಮರಿಯ ಒಸಡು ಬಿಳಿಚಿದ್ದರೆ ಮಾತ್ರ ಮನೆಮದ್ದಿಗಾಗಿ ಕಾಯಬಾರದು. ಚಿಗಟ ರಕ್ತ ಹೀರಿಯೇ ಮರಿಯನ್ನು ಕೊಲ್ಲಬಲ್ಲುದು. ಅಂದೇ ಪಶುವೈದ್ಯರಲ್ಲಿಗೆ ಒಯ್ಯಿರಿ.

ಅಜ್ಜಿಗೆ ಸಿಮೋಂನ ಹೆಸರು ಗೊತ್ತಿರಲಿಲ್ಲ. ಆದರೆ ಚಿಗಟದ ಮನೆ ನಾಯಿಯ ಮೈಯಲ್ಲ, ನಮ್ಮ ಮನೆಯ ನೆಲವೇ ಎಂಬುದು ಗೊತ್ತಿತ್ತು.